ಎರಡನೇ ಇಂಜೆಕ್ಷನ್‌ಗೆ ಅವರು ಯಾಕೆ ಬರಲಿಲ್ಲ

ಬಡ ದೇಶಗಳ ಹೆಂಗಸರಿಗೆ ಗರ್ಭ ತಡೆಯುವ ಇಂಜೆಕ್ಷನ್, ಮಾತ್ರೆ ಸಿಗಬೇಕಾದರೆ ಬೆಲೆ ಇಳಿಸಬೇಕಾ, ಮನೆ ಹತ್ತಿರ ತಲುಪಿಸಬೇಕಾ ಅಂತ ಕೇಳಿದ್ದೀರಿ. ನಾನು ನರ್ಸ್ ಆಗಿದ್ದಾಗ ಎರಡೂ ಆಗಿತ್ತು. ಇಂಜೆಕ್ಷನ್ ಪುಕ್ಕಟೆ, ನಡೆದು ಬರುವಷ್ಟು ಹತ್ತಿರ. ಮೊದಲ ಸಲ ತುಂಬಾ ಜನ ಬಂದರು. ಮೂರು ತಿಂಗಳ ಮೇಲೆ ಅವರಲ್ಲಿ ಎಷ್ಟೋ ಮಂದಿ ಮತ್ತೆ ಬರಲೇ ಇಲ್ಲ.

ಕಾರಣ ನಾನು. ನಾವು ಕೊಡುತ್ತಿದ್ದದ್ದು ಡಿಎಂಪಿಎ ಅಂತ, ಮೂರು ತಿಂಗಳಿಗೊಮ್ಮೆ ಹಾಕುವ ಗರ್ಭ ತಡೆಯುವ ಇಂಜೆಕ್ಷನ್. ಅದನ್ನು ಹಾಕಿಸಿಕೊಂಡರೆ ಮುಟ್ಟು ಏರುಪೇರಾಗುತ್ತದೆ. ಮೊದಮೊದಲು ಹೊತ್ತಲ್ಲದ ಹೊತ್ತಲ್ಲಿ ರಕ್ತ ಕಾಣಬಹುದು, ಆಮೇಲೆ ಮುಟ್ಟು ನಿಂತೇ ಹೋಗಬಹುದು. ಒಂದು ವರ್ಷ ಬಳಸಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಹೀಗೆ ಮುಟ್ಟು ನಿಲ್ಲುತ್ತದೆ. ಇದರಿಂದ ಅಪಾಯವಿಲ್ಲ. ಗರ್ಭಕೋಶದ ಒಳಪದರ ತೆಳ್ಳಗಾಗಿರುತ್ತದೆ, ಹೊರಗೆ ಹೋಗುವುದಕ್ಕೆ ಒಳಗೆ ಏನೂ ಕಟ್ಟಿಕೊಂಡಿರುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಹೇಳಿದರೆ ಹೆದರಿ ಹೊರಟುಹೋಗುತ್ತಾರೆ ಅಂತ ಬಾಯಿ ಬಿಡಲಿಲ್ಲ. 'ಸ್ವಲ್ಪ ವ್ಯತ್ಯಾಸ ಆಗಬಹುದು' ಅಂದು ಮುಗಿಸಿಬಿಡುತ್ತಿದ್ದೆ. ಮುಟ್ಟು ನಿಂತಾಗ ಕೆಲವರು ಬಸುರಿಯಾದೆ ಅಂದುಕೊಂಡರು. ಕೆಲವರು ಕೆಟ್ಟ ರಕ್ತ ಒಳಗೇ ಉಳಿಯಿತು ಅಂತ ಗಾಬರಿಯಾದರು. ನನ್ನನ್ನು ಯಾರೂ ಕೇಳಲಿಲ್ಲ, ನಂಬಿಕೆ ಹೋಗಿತ್ತು ಅಲ್ವಾ. ಅಕ್ಕಪಕ್ಕದವರಿಗೆ ಹೇಳಿದರು. ಹೊಸಬರೂ ಬರುವುದು ಬಿಟ್ಟರು. ಇಂಜೆಕ್ಷನ್ ಬಿಟ್ಟವರಲ್ಲಿ ಕೆಲವರು ಆಮೇಲೆ ಬೇಡದ ಬಸಿರು ಹೊತ್ತು ಬಂದರು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಎಷ್ಟು ಡೋಸ್ ಹಂಚಿದೆವು ಅಂತ ಸುಮ್ನೆ ಲೆಕ್ಕ ಹಾಕಬೇಡಿ. ಎರಡನೇ ಸಲ ಎಷ್ಟು ಜನ ಬಂದರು ಅಂತ ನೋಡಿ. ಬಾರದವರ ಮನೆಗೆ ಹೋಗಿ ಯಾಕೆ ಅಂತ ಕೇಳಿ. ತಡವಾಗಿ ಬಂದವರನ್ನು ಬೈದು ಕಳಿಸಬೇಡಿ. ದಿನ ದಾಟಿ 4 ವಾರದವರೆಗೂ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮಗು ಬೇಕು ಅನ್ನುವವರಿಗೆ, ಬಿಟ್ಟ ಮೇಲೆ ಬಸಿರು ನಿಲ್ಲಲು ತಿಂಗಳುಗಟ್ಟಲೆ ತಡವಾಗಬಹುದು ಅಂತ ಮೊದಲೇ ತಿಳಿಸಿ.

ದೂರವೂ ತೊಂದರೆಯೇ, ಇಲ್ಲ ಅನ್ನುವುದಿಲ್ಲ. ಅದಕ್ಕೆ ನನಗೆ ಜಾಸ್ತಿ ಹಿಡಿಸಿದ್ದು ಸಯಾನಾ ಪ್ರೆಸ್. ಅದೂ ಡಿಎಂಪಿಎ ಔಷಧವೇ, ಆದರೆ ಚಿಕ್ಕ ಸೂಜಿ, ಚರ್ಮದ ಕೆಳಗೆ 104 ಮಿಲಿಗ್ರಾಂ, ಹೆಂಗಸರು ತಾವೇ ಚುಚ್ಚಿಕೊಳ್ಳಬಹುದು. ಹೀಗೆ ತಾವೇ ಚುಚ್ಚಿಕೊಳ್ಳುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಶಿಫಾರಸು ಮಾಡಿತು. ಮಲಾವಿಯಲ್ಲಿ ನಡೆದ ಅಧ್ಯಯನದಲ್ಲಿ, ಬೇರೆಯವರಿಂದ ಹಾಕಿಸಿಕೊಂಡವರಿಗಿಂತ ತಾವೇ ಹಾಕಿಕೊಂಡವರು ಹೆಚ್ಚು ಮಂದಿ ವರ್ಷವಿಡೀ ಮುಂದುವರಿಸಿದರು. ಆದರೆ ಮನೆಗೆ ಡೋಸ್ ಕೊಟ್ಟು ಕಳಿಸುವಾಗ ಮುಟ್ಟಿನ ವಿಷಯ ಬಿಡಿಸಿ ಹೇಳಲೇಬೇಕು, ಅಲ್ಲಿ ಕೇಳುವುದಕ್ಕೆ ನರ್ಸ್ ಇರುವುದಿಲ್ಲ.

ಇಂಪ್ಲಾಂಟ್, ಅಂದರೆ ತೋಳಿನ ಚರ್ಮದ ಕೆಳಗೆ ಇಡುವ ಗರ್ಭ ತಡೆಯುವ ಸಣ್ಣ ಕಡ್ಡಿ, ಕೊಡುವ ಯೋಚನೆ ಇದ್ದರೆ, ತೆಗೆಯಲು ಬಲ್ಲವರು ಅಲ್ಲೇ ಸಿಗುವ ಹಾಗಿದ್ದರೆ ಮಾತ್ರ ಶುರು ಮಾಡಿ. ಬೇಡ ಅಂದ ದಿನ ತೆಗೆಸಿಕೊಳ್ಳಲು ಆಗದಿದ್ದರೆ, ಮುಂದಿನವಳು ತೋಳು ಕೊಡುವುದಿಲ್ಲ.