ಮಗಳು ಊಟ ಬಿಡುತ್ತಿದ್ದಾಳೆ, ಇದು ಹಠವೋ ಕಾಯಿಲೆಯೋ?

ಹದಿನಾರರ ಮಗಳು ತೂಕ ಇಳಿಯುತ್ತಲೇ ಇದ್ದರೂ "ನಾನು ದಪ್ಪ" ಎನ್ನುತ್ತಾಳೆ, ತಟ್ಟೆ ನೋಡಿದರೆ ಹೆದರುತ್ತಾಳೆ ಎಂದು ಬರೆದಿದ್ದೀರಿ. ಇದನ್ನು ಸುಮ್ನೆ ಹಠ ಅಂತ ಬಿಡಬೇಡಿ. ಅನೊರೆಕ್ಸಿಯಾ ಎಂಬ ಕಾಯಿಲೆ ಹೀಗೇ ಕಾಣಿಸಿಕೊಳ್ಳುತ್ತದೆ.

ಒಂದು ವಿಷಯ ತಿಳಿದರೆ ಅವಳ ಮೇಲಿನ ಸಿಟ್ಟು ಇಳಿಯಬಹುದು. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಅವರು ಮಂಕಾದರು, ಸಿಡುಕತೊಡಗಿದರು, ಜನರಿಂದ ದೂರವಾದರು. ತಲೆ ತುಂಬ ಊಟದ್ದೇ ಯೋಚನೆ. ಅಂದರೆ ಉಪವಾಸವೇ ಮನಸ್ಸನ್ನು ಕೆಡಿಸುತ್ತದೆ. ಅದಕ್ಕೇ ಚಿಕಿತ್ಸೆಯಲ್ಲಿ ಊಟ ಮೊದಲು, ಬುದ್ಧಿಮಾತು ಆಮೇಲೆ.

ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಮೊದಲು ಹೇಳುವುದು ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕುಟುಂಬ ಚಿಕಿತ್ಸೆ. ಏನು, ಎಷ್ಟು ತಿನ್ನಬೇಕೆಂದು ಸ್ವಲ್ಪ ಕಾಲ ಅಪ್ಪ ಅಮ್ಮನೇ ನಿರ್ಧರಿಸುತ್ತಾರೆ. ಪಕ್ಕದಲ್ಲೇ ಕೂತು ಊಟ ಮುಗಿಸುವಂತೆ ನೋಡಿಕೊಳ್ಳುತ್ತಾರೆ. ಬೈಯುವುದಿಲ್ಲ, ಬಿಟ್ಟುಕೊಡುವುದೂ ಇಲ್ಲ. ತಿಂಗಳುಗಟ್ಟಲೆ ಹಿಡಿಯುತ್ತದೆ, ನಿಜವಾಗಿಯೂ ಕಷ್ಟದ ಕೆಲಸ.

ಆದರೆ ತುಂಬ ಸೊರಗಿದ್ದರೆ ಒಮ್ಮೆಲೇ ಜಾಸ್ತಿ ಬಡಿಸಬೇಡಿ. ಹಾಗೆ ಮಾಡಿದರೆ ರಕ್ತದಲ್ಲಿ ಫಾಸ್ಫೇಟ್ ಎಂಬ ಲವಣ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ಮೊದಲು ವೈದ್ಯರಿಗೆ ತೋರಿಸಿ, ರಕ್ತಪರೀಕ್ಷೆ, ಇಸಿಜಿ ಮಾಡಿಸಿ. ತಲೆಸುತ್ತಿ ಬೀಳುತ್ತಿದ್ದರೆ ಇವತ್ತೇ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯರಿದ್ದಾರೆ. ಅದು ದೂರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.