ಪಂಚಾಯಿತಿ ಚುನಾವಣೆಗೆ ನಿಂತರೆ ನಂಬಿಕೆ ಕೆಡುತ್ತದಾ?

ಸಕಲೇಶಪುರದ ಸಹೋದರರೇ, ಕ್ರೈಸ್ತರಾದ ನಾವು ಗ್ರಾಮ ಪಂಚಾಯಿತಿಗೆ ನಿಲ್ಲಬಹುದಾ, ನಂಬಿಕೆ ಕೆಡುವುದಿಲ್ವಾ ಎಂದು ಕೇಳಿದ್ದೀರಿ. ಖಂಡಿತ ನಿಲ್ಲಿ. ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಜನ ನಿಮ್ಮ ಮುಖ ನೋಡಿ ಓಟು ಹಾಕುತ್ತಾರೆ. ದುಡ್ಡು ಮಾತ್ರ ಹಂಚಬೇಡಿ, ಒಂದು ರೂಪಾಯಿ ಕೂಡ.

ನಿಜವಾದ ಕಷ್ಟ ಗೆದ್ದ ಮೇಲೆ. ಆಶ್ರಯ ಮನೆ ಬಂತು ಅಂದರೆ ಚರ್ಚಿನವರೇ ಮೊದಲು ಬಂದು 'ನಾವು ನಿಮ್ಮವರಲ್ವಾ' ಅನ್ನುತ್ತಾರೆ. ನನಗೆ ಇದೇ ಜಾಸ್ತಿ ಭಯ. ನೆರೆಯವನು ಯಾರು ಎಂದು ಕೇಳಿದಾಗ ಯೇಸುಸ್ವಾಮಿ ತೋರಿಸಿದ್ದು ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ, ಬೇರೆ ಜನಾಂಗದ ಸಮಾರ್ಯದವನನ್ನು (ಬೈಬಲಿನ ಲೂಕ 10). ಹಾಗಾಗಿ ತೋಟದ ಲೈನ್ ಮನೆಗಳಲ್ಲಿ ಬದುಕುವ, ಸ್ವಂತ ಸೈಟೂ ಇಲ್ಲದ ಕೂಲಿಯವರ ಹೆಸರು ಮನೆ ಪಟ್ಟಿಯಿಂದ ಬಿಟ್ಟುಹೋಗದಂತೆ ನೋಡಿ, ಅವರು ಯಾವ ಜಾತಿಯವರೇ ಆಗಿರಲಿ. ಗ್ರಾಮಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಪಟ್ಟಿ ಓದಿಸಿ. ನಿಮಗಾಗಿ ಪ್ರಾರ್ಥಿಸುತ್ತೇನೆ.