ಓದುಗರ ಪ್ರಶ್ನೆ: ಸಭೆಗೂ ಬಸ್ ಚಾರ್ಜಿಗೂ ದಾನ ಕೊಡಬೇಕೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಪಿಂಚಣಿಯಲ್ಲಿ ಒಂದಿಷ್ಟು ಹಣವನ್ನು ಪ್ರತಿವರ್ಷ ಶಾಲಾ ಕೊಠಡಿಗೋ ಅನ್ನದಾನಕ್ಕೋ ಕೊಡುತ್ತ ಬಂದಿದ್ದೇನೆ. ಈ ಸಲ ಸಮುದಾಯಗಳ ನಡುವಣ ಶಾಂತಿಗೆ, ಕಾಡಿನ ಜನರ ಹಕ್ಕಿಗೆ ದುಡಿಯುವವರಿಗೆ ಕೊಡೋಣವೆಂದರೆ, “ಅದರಲ್ಲಿ ಸಭೆ, ಊಟ, ಬಸ್ ಚಾರ್ಜು ಬಿಟ್ಟರೆ ಇನ್ನೇನಿದೆ?” ಎನ್ನುತ್ತಾರೆ ಮನೆಯವರು. ಅವರ ಮಾತು ನಿಜವೇ?
– ಓದುಗರು, ಸಾಗರ

ಉತ್ತರ: ಬಹುಮಟ್ಟಿಗೆ ನಿಜ. ಆದರೆ ಅದನ್ನು ಆಕ್ಷೇಪವೆಂದು ಭಾವಿಸಬೇಕಾಗಿಲ್ಲ. ಇಂತಹ ಕೆಲಸದಲ್ಲಿ ಸಭೆ, ಊಟ ಮತ್ತು ಬಸ್ ಚಾರ್ಜೇ ಮುಖ್ಯ ಖರ್ಚು. ಅದಕ್ಕೆ ಹಣ ಹೊಂದಿಸುವುದೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅದರ ಮೇಲೆ ದಾನಿಗಳ ಹೆಸರಿನ ಕಲ್ಲು ಕೆತ್ತಿಸಲು ಬರುವುದಿಲ್ಲ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸಂಗತಿಯನ್ನೇ ನೋಡಿ. 1974ರಲ್ಲಿ ಆ ಕಾಡು ಅಭಯಾರಣ್ಯವಾದಾಗ ಅಲ್ಲಿನ ಬುಡಕಟ್ಟು ಜನರಾದ ಸೋಲಿಗರು ಒಳಗಿನ ಪೋಡುಗಳನ್ನು, ಅಂದರೆ ತಮ್ಮ ಹಾಡಿಗಳನ್ನು ಬಿಟ್ಟು ಹೊರಬರಬೇಕಾಯಿತು. 2006ರಲ್ಲಿ ಜೇನು, ನೆಲ್ಲಿಕಾಯಿ, ಪಾಚಿಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ತಡೆ ಬಿತ್ತು. ಕಾಡಿನ ಜನರಿಗೆ ಅಲ್ಲಿನ ನೆಲ ಮತ್ತು ಉತ್ಪನ್ನಗಳ ಮೇಲೆ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆಯನ್ನು ಅದೇ ವರ್ಷ ಸಂಸತ್ತು ಅಂಗೀಕರಿಸಿತೆಂಬುದು ವಿಪರ್ಯಾಸ. ಕಾಯ್ದೆ ಬಂದ ಮಾತ್ರಕ್ಕೆ ಹಕ್ಕು ಕೈಗೆ ಬರಲಿಲ್ಲ. ಗ್ರಾಮಸಭೆ ಕೂಡಬೇಕು, ಅರಣ್ಯ ಹಕ್ಕು ಸಮಿತಿಯನ್ನು ಆರಿಸಬೇಕು, ಅರ್ಜಿ ತುಂಬಬೇಕು, ಪುರಾವೆ ಕೂಡಿಸಬೇಕು, ಆಮೇಲೆ ಉಪವಿಭಾಗ ಮತ್ತು ಜಿಲ್ಲಾ ಮಟ್ಟದ ಸಮಿತಿಗಳ ಮುಂದೆ ಅದನ್ನು ಸಮರ್ಥಿಸಿಕೊಳ್ಳಬೇಕು. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದನ್ನೂ ಪುರಾವೆಯಾಗಿ ಪರಿಗಣಿಸಬೇಕೆಂದು ನಿಯಮದಲ್ಲಿದೆ. ಆದರೆ ಬರೆದುಕೊಳ್ಳುವವರು ಪೋಡಿನಿಂದ ಪೋಡಿಗೆ ನಡೆಯಬೇಕಲ್ಲ!

ಅಲ್ಲಿ ಆ ನಡಿಗೆ ನಡೆಯಿತು. ಸೋಲಿಗರ ಸಂಘಟನೆಯೊಂದಿಗೆ, 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯೂ ಕೈಜೋಡಿಸಿದವು. ಒಂದೊಂದು ಕುಲದ ಎಲ್ಲೆಯನ್ನೂ, ಅದರೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜಾಸ್ಥಳಗಳನ್ನೂ ಹಿರಿಯರ ಜೊತೆ ಕಾಡು ಸುತ್ತಿ ಗುರುತಿಸಿದಾಗ, ಇಲಾಖೆಯ ನಕ್ಷೆಯಲ್ಲಿ ಬರೀ ಹಸಿರು ಬಣ್ಣವಾಗಿದ್ದ ಜಾಗದಲ್ಲಿ ನೂರಾರು ಹೆಸರುಗಳು ಮೂಡಿದವು. 2011ರ ಆರಂಭದಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹೀಗಾದದ್ದು ದೇಶದಲ್ಲೇ ಮೊದಲು. ಕಾಯ್ದೆಯಿಂದ ಹಕ್ಕುಪತ್ರಕ್ಕೆ ಐದು ವರ್ಷ ಹಿಡಿಯಿತೆಂಬುದನ್ನು ಗಮನಿಸಿ. ಮೊದಲ ವರ್ಷದ ಕೊನೆಗೆ “ಫಲಿತಾಂಶ ತೋರಿಸಿ” ಎಂದು ಪಟ್ಟು ಹಿಡಿಯುವ ದಾನಿಯಿಂದ ಈ ಕೆಲಸ ಸಾಗುವುದಿಲ್ಲ.

ಶಾಂತಿಯ ಕೆಲಸವೂ ಇದೇ ಬಗೆಯದು. 2003ರಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯದಲ್ಲಿ, ವರ್ಷಗಟ್ಟಲೆ ಅಂತರ್ಯುದ್ಧದಿಂದ ಬಸವಳಿದ ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರು ಲೇಮಾ ಬೋವಿ ಮೊದಲಾದವರ ನಾಯಕತ್ವದಲ್ಲಿ ಬಿಳಿ ಬಟ್ಟೆ ತೊಟ್ಟು, ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆಯ ಬಳಿ, ಅಧ್ಯಕ್ಷ ಚಾರ್ಲ್ಸ್ ಟೇಲರ್ ಅವರ ವಾಹನಗಳು ಹಾದುಹೋಗುವ ರಸ್ತೆಯ ಪಕ್ಕದಲ್ಲಿ ದಿನವೂ ಬಂದು ಕುಳಿತರು. ಘಾನಾದ ಅಕ್ರಾದಲ್ಲಿ ಸಂಧಾನ ಎಳೆದಾಡುತ್ತಿದ್ದಾಗ ಅಲ್ಲಿಗೂ ಹೋಗಿ, ಪ್ರತಿನಿಧಿಗಳು ಹೊರಬರದಂತೆ ಸಭಾಂಗಣದ ಬಾಗಿಲಿಗೆ ಅಡ್ಡ ಕುಳಿತರು. ಆಗಸ್ಟ್ 18ರಂದು ಒಪ್ಪಂದವಾಯಿತು; 2011ರಲ್ಲಿ ಬೋವಿ ಅವರು ನೊಬೆಲ್ ಶಾಂತಿ ಪುರಸ್ಕಾರದ ಮೂವರಲ್ಲಿ ಒಬ್ಬರಾದರು. ಒಪ್ಪಂದಕ್ಕೆ ಬೇರೆ ಕಾರಣಗಳೂ ಇದ್ದವು, ಹೆಂಗಸರಿಂದ ಮಾತ್ರವೇ ಯುದ್ಧ ನಿಂತಿತೆನ್ನುವುದು ಉತ್ಪ್ರೇಕ್ಷೆಯಾದೀತು. ಆದರೂ ಬಿಸಿಲಿನಲ್ಲಿ ದಿನಗಟ್ಟಲೆ ಕೂರುವವರಿಗೆ ನೀರು ಬೇಕು, ಬಂದುಹೋಗಲು ವಾಹನ ಬೇಕು, ಮನೆಯಲ್ಲಿ ಮಕ್ಕಳ ಹೊಟ್ಟೆಗೆ ದಾರಿಯಾಗಬೇಕು. ಆ ಖರ್ಚನ್ನು ಯಾರಾದರೂ ಹೊರಲೇಬೇಕು.

ಆದ್ದರಿಂದ ನನ್ನ ಸಲಹೆ ಇದು: ಒಮ್ಮೆಗೇ ದೊಡ್ಡ ಮೊತ್ತ ಕೊಡುವ ಬದಲು ಅದನ್ನೇ ಮೂರು ವರ್ಷಕ್ಕೆ ಹಂಚಿ, ‘ಇಂಥದ್ದಕ್ಕೇ’ ಎಂಬ ಷರತ್ತಿಲ್ಲದೆ ಕೊಡಿ. ಕೊಡುವ ಮುನ್ನ, ಕಟ್ಟಡ ಎಷ್ಟು ಕಟ್ಟಿದಿರಿ ಎಂದು ಕೇಳುವುದಕ್ಕಿಂತ, ತೀರ್ಮಾನ ಮಾಡುವ ಸಮಿತಿಯಲ್ಲಿ ಆ ಊರಿನವರು ಎಷ್ಟು ಮಂದಿ, ಹೆಂಗಸರು ಎಷ್ಟು ಮಂದಿ ಎಂದು ಕೇಳಿ. ಲೆಕ್ಕಪತ್ರ ಕೇಳುವುದಕ್ಕೂ ಸಂಕೋಚ ಬೇಡ. ಜಗಳವಾಡಿದ ಎರಡೂ ಕಡೆಯವರನ್ನು ಕೂರಿಸಿ ಮಾತನಾಡಿಸುವವರು ಸಭೆಯ ಫೋಟೋವನ್ನು ಕಳಿಸಲು ಹಿಂಜರಿದರೆ ಒತ್ತಾಯಿಸಬೇಡಿ; ಅಲ್ಲಿಗೆ ಬಂದವರಿಗೆ ಆ ಫೋಟೋದಿಂದಲೇ ತೊಂದರೆಯಾಗಬಹುದು.

ಪ್ರಶ್ನೆ: ಇಂತಹ ದೇಣಿಗೆಗೆ ತೆರಿಗೆ ರಿಯಾಯಿತಿ ಉಂಟೇ?
– ಓದುಗರು, ಧಾರವಾಡ

ಉತ್ತರ: ಉಂಟು, ಆದರೆ 80ಜಿ ಎಂದು ರೂಢಿಯಲ್ಲಿ ಕರೆಯುವ ಮಾನ್ಯತೆ ಆ ಸಂಸ್ಥೆಗಿರಬೇಕು ಮತ್ತು ತಾವು ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು. ಸಾಮಾನ್ಯವಾಗಿ ಕೊಟ್ಟದ್ದರ ಅರ್ಧದಷ್ಟನ್ನು, ನಿಗದಿತ ಮಿತಿಯೊಳಗೆ, ಆದಾಯದಿಂದ ಕಳೆಯಬಹುದು. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ರಿಯಾಯಿತಿ ಸಿಗದು. ರಶೀದಿಯ ಜೊತೆಗೆ ದೇಣಿಗೆ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ.

ಪ್ರಶ್ನೆ: ನಮ್ಮ ಮಗ ದುಬೈಯಲ್ಲಿದ್ದಾನೆ, ಮಗಳು ಅಮೆರಿಕದ ಪೌರತ್ವ ಪಡೆದಿದ್ದಾಳೆ. ಊರಿನ ಸಣ್ಣ ಸಂಘವೊಂದಕ್ಕೆ ಇಬ್ಬರೂ ನೇರವಾಗಿ ಹಣ ಕಳಿಸಬಹುದೇ?
– ಓದುಗರು, ಕುಂದಾಪುರ

ಉತ್ತರ: ಇಬ್ಬರಿಗೂ ಒಂದೇ ನಿಯಮವಲ್ಲ. ಮಗ ಭಾರತದ ಪೌರನಾಗಿಯೇ ಇದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣವನ್ನು ವಿದೇಶಿ ದೇಣಿಗೆಯೆಂದು ಪರಿಗಣಿಸುವುದಿಲ್ಲ. ಪಾಸ್‌ಪೋರ್ಟಿನ ಪ್ರತಿಯನ್ನು ಸಂಘ ಇಟ್ಟುಕೊಂಡಿರುವುದು ಒಳ್ಳೆಯದು. ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಗಳ ಬಳಿ ಇದ್ದರೂ ಆಕೆಯ ಹಣ ವಿದೇಶಿ ದೇಣಿಗೆಯೇ ಆಗುತ್ತದೆ. ಅದನ್ನು ಪಡೆಯಲು ಸಂಘಕ್ಕೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು; ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಸಂಘದ ಖಾತೆಗೆ ಬರಬೇಕು.

ಮೊದಲಾದರೆ ನೋಂದಣಿಯಿದ್ದ ದೊಡ್ಡ ಸಂಸ್ಥೆಯೊಂದು ಹಣ ಪಡೆದು, ಅದೇ ನೋಂದಣಿಯಿದ್ದ ಹಳ್ಳಿಯ ಸಂಘಗಳಿಗೆ ಹಂಚಬಹುದಿತ್ತು. 2020ರ ತಿದ್ದುಪಡಿ ಆ ದಾರಿಯನ್ನು ಮುಚ್ಚಿತು. ಆಡಳಿತ ವೆಚ್ಚದ ಮಿತಿಯನ್ನೂ ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಇದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ದೆಹಲಿಯ ಕಚೇರಿಗಳಿಗಲ್ಲ, ಊರೂರು ತಿರುಗುವ ಸಣ್ಣ ಸಂಘಗಳಿಗೆ ಎಂದು ನನ್ನ ಅಭಿಪ್ರಾಯ. ತಮ್ಮ ಊರಿನ ಸಂಘಕ್ಕೆ ಈ ನೋಂದಣಿ ಇಲ್ಲದಿದ್ದರೆ ಸದ್ಯಕ್ಕೆ ಮಗನೊಬ್ಬನೇ ಕಳಿಸಲಿ. ಮಗಳ ಹಣವನ್ನು ಅವನ ಖಾತೆಯ ಮೂಲಕ ದಾಟಿಸುವ ಯೋಚನೆ ಮಾತ್ರ ಬೇಡ. ವಿಚಾರಣೆ ಬಂದರೆ ಉತ್ತರ ಹೇಳಬೇಕಾದವರು ಸಂಘದ ಪದಾಧಿಕಾರಿಗಳು.